ಸ್ಟ್ಯಾಂಡಿಗೆ ಮಣಿಕಟ್ಟು ಇರುವುದಿಲ್ಲ

"ಅಯ್ಯೋ! ಏನ್ರೀ ಮಾಡ್ತಿದ್ದೀರಾ?"

ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಅವಳು ಕಿರುಚಿದಳು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಅವಳು ವಿನ್ಯಾಸ ಮಾಡಿದ್ದ ಪುಟ್ಟ ವ್ಯಾಕ್ಯೂಮ್ ಕ್ಲೀನರ್, ಒಂದೇ ಕೈಯಲ್ಲಿ ಹಿಡಿದು ಧೂಳು ಎಳೆಯುವಂಥದ್ದು, ನೆಲದ ಮೇಲೆ ಅಂಗಾತ ಬಿದ್ದಿತ್ತು.

"ಬೀಳಿಸ್ತಾ ಇದ್ದೀನಿ," ಎಂದ ಅವನು, ಏನೂ ಆಗಿಲ್ಲವೆಂಬಂತೆ. ಬಗ್ಗಿ ಎತ್ತಿಕೊಂಡ. ಮತ್ತೆ ಬೀಳಿಸಿದ!

"ನಿಮಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಮನೇಲಿ ಜನ ಬೀಳಿಸೇ ಬೀಳಿಸ್ತಾರೆ ಮೇಡಂ. ಅವರಿಗಿಂತ ಮೊದಲು ನಾನು ಬೀಳಿಸಿದ್ರೆ ಒಳ್ಳೇದಲ್ವಾ?" ಸ್ವಿಚ್ ಒತ್ತಿದ. ಮೋಟಾರು ಗುಂಯ್ ಎಂದಿತು. "ನೋಡಿ, ಗಟ್ಟಿಗಿತ್ತಿ!"

ಹೊಗಳಿದ್ದು ಯಂತ್ರವನ್ನೋ ತನ್ನನ್ನೋ ತಿಳಿಯದೆ ಅವಳ ಕೆನ್ನೆ ಬಿಸಿಯಾಯಿತು. ಆಫೀಸಿನವರೆಲ್ಲ ಈ ಪರೀಕ್ಷಕನಿಗೆ 'ಪುಡಿಪುಡಿ' ಎಂದು ಯಾಕೆ ಹೆಸರಿಟ್ಟಿದ್ದಾರೆಂದು ಅವತ್ತು ಗೊತ್ತಾಯಿತು.

ಆಮೇಲೆ ದಿನವೂ ಭೇಟಿ. ಅವನು ಯಂತ್ರವನ್ನು ಸ್ಟ್ಯಾಂಡಿಗೆ ಬಿಗಿದು ಅದರ ಮುಂದೆ ಮರಳು, ಕೂದಲು, ಬ್ರೆಡ್ಡಿನ ಪುಡಿ ಸುರಿಯುತ್ತಿದ್ದ. ಫಿಲ್ಟರ್ ಕಟ್ಟಿಕೊಳ್ತಿದೆ ಎಂದರೆ ಅವಳು ಫಿಲ್ಟರ್ ಬದಲಿಸುತ್ತಿದ್ದಳು, ಸದ್ದು ಜಾಸ್ತಿ ಎಂದರೆ ಫ್ಯಾನಿನ ಎಸಳು ತಿದ್ದುತ್ತಿದ್ದಳು. ನಡುವೆ ಚಹಾ, ಜಗಳ, ನಗು.

'ಈ ಮನುಷ್ಯನ ಪಕ್ಕ ಕೂತರೆ ಹೊತ್ತು ಹೋಗಿದ್ದೇ ತಿಳಿಯಲ್ಲವಲ್ಲ...'

ಅಂತಿಮ ಸಭೆಯ ದಿನ ಬಂತು. ಗೆದ್ದರೆ ಅವಳ ಮೊಟ್ಟಮೊದಲ ಸ್ವಂತ ಯಂತ್ರ ಕಾರ್ಖಾನೆಗೆ ಹೋಗುತ್ತದೆ. ಸೋತರೆ ಕಂಪನಿ ಹೊರಗಿನ ಸಿದ್ಧ ಮಾದರಿ ಕೊಳ್ಳುತ್ತದೆ, ಅವಳು ಮತ್ತೆ ಬೇರೆಯವರ ಯಂತ್ರದ ನಕ್ಷೆಯಲ್ಲಿ ಸ್ಕ್ರೂ ತೂತು ಬಿಡಿಸುತ್ತ ಕೂರಬೇಕು.

ಬೆಳಿಗ್ಗೆಯೇ ಅವನು ಅವಳ ಮೇಜಿನ ಬಳಿ ಬಂದ. ಮುಖ ಸಪ್ಪಗಿತ್ತು.

"ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು..."

ಅವಳ ಎದೆ ಡವಡವ ಎಂದಿತು. ಇವತ್ತೇ ಬೇಕಿತ್ತಾ ಇವನಿಗೆ!

"ಈಗ ಬೇಡ! ಈಗ ಹೇಳಿದ್ರೆ ಮೀಟಿಂಗಲ್ಲಿ ನಂಗೆ ಮಾತೇ ಹೊರಡಲ್ಲ. ಆಮೇಲೆ ಎಷ್ಟು ಹೊತ್ತಾದ್ರೂ ಕೇಳ್ತೀನಿ."

"ಆದ್ರೆ..."

"ಆಮೇಲೆ!" ಎಂದು ನಗುತ್ತ ಓಡಿಯೇಬಿಟ್ಟಳು.

ಸಭೆಯಲ್ಲಿ ಅವಳು ಎಲ್ಲವನ್ನೂ ಚೆನ್ನಾಗಿಯೇ ವಿವರಿಸಿದಳು. ಮುಖ್ಯಸ್ಥರು ತಲೆದೂಗಿ ಅವನ ಕಡೆ ತಿರುಗಿದರು. "ಏನಪ್ಪಾ, ಪಾಸಾ?"

ಅವನು ಎದ್ದು ನಿಂತ. "ಇಲ್ಲ ಸಾರ್. ಹಿಡಿದವರ ಕೈ ನೋಯುತ್ತೆ."

ಅವಳು ತಟ್ಟನೆ ಅವನತ್ತ ತಿರುಗಿದಳು. "ನಿಮ್ಮ ಸ್ಟ್ಯಾಂಡ್ ಮೇಲೆ ಎಲ್ಲಾ ಪರೀಕ್ಷೆ ಪಾಸಾಗಿದೆಯಲ್ಲ!"

"ಸ್ಟ್ಯಾಂಡಿಗೆ ಮಣಿಕಟ್ಟು ಇರಲ್ಲ ಮೇಡಂ. ಅದು ನನ್ನ ತಪ್ಪು. ಒಂದು ಸಲವೂ ಕೈಯಲ್ಲಿ ಹಿಡಿದು ಪೂರ್ತಿ ಮನೆ ಗುಡಿಸಿ ನೋಡಲಿಲ್ಲ."

"ಒಂದು ವಾರ," ಎಂದರು ಮುಖ್ಯಸ್ಥರು. "ಸರಿಹೋಗದಿದ್ರೆ ಹೊರಗಿಂದ ತರೋಣ."

ಅವಳು ಅವನ ಮುಖವನ್ನೂ ನೋಡದೆ ಹೊರಟಳು. ಚಹಾ ಕುಡಿದು ನಕ್ಕಿದ್ದೆಲ್ಲ ನಾಟಕವಾ? ಎಲ್ಲರೆದುರು ಮಾನ ಕಳೆಯೋಕೆ ಕಾಯ್ತಿದ್ದನಾ?

ಸಂಜೆ ಮನೆಗೆ ಬಂದವಳೇ ಯಂತ್ರ ಹಿಡಿದು ಕಿಟಕಿಯ ಪರದೆಯ ಮೇಲೆ ಮುಗಿಬಿದ್ದಳು. ಕೈ ನೋಯಲ್ಲ ಅಂತ ಸಾಬೀತು ಮಾಡಿಯೇ ತೀರ್ತೀನಿ!

"ಏನೇ ಇದು, ಧೂಳಿನ ಮೇಲೆ ಇಷ್ಟು ಹಗೆ?" ಎಂದರು ಜೊತೆಗಿದ್ದ ಚಿಕ್ಕಮ್ಮ.

ಪರದೆ ಮುಗಿಯಿತು. ಕಪಾಟಿನ ಮೇಲ್ಭಾಗಕ್ಕೆ ಕೈ ಎತ್ತಿದಾಗ ಯಂತ್ರದ ಮೂತಿ ತಾನಾಗಿಯೇ ಕೆಳಗೆ ಜಗ್ಗಿತು. ಮಣಿಕಟ್ಟು ಚುಳ್ ಎಂದಿತು. ಹಲ್ಲು ಕಚ್ಚಿದಳು. ಸ್ವಲ್ಪ ಹೊತ್ತಿಗೆ ಕೈಯೇ ನಡುಗತೊಡಗಿತು.

"ಅವನು ಹೇಳಿದ್ದು ಸುಳ್ಳೇನೇ?" ಕಥೆಯೆಲ್ಲ ಕೇಳಿದ ಚಿಕ್ಕಮ್ಮ ಅವಳ ಕೈ ನೀವುತ್ತ ಕೇಳಿದರು.

"ನಿಜ, ಚಿಕ್ಕಮ್ಮಾ... ಅದಕ್ಕೇ ಇಷ್ಟು ಸಿಟ್ಟು!"

ಅತ್ತಳು. ಆಮೇಲೆ ಮುಖ ತೊಳೆದು ಯಂತ್ರ ಬಿಚ್ಚಿದಳು. ಮೋಟಾರೂ ಬ್ಯಾಟರಿಯೂ ಎರಡೂ ಹಿಡಿಕೆಯ ಮುಂದೆಯೇ ಇದ್ದವು. ಬ್ಯಾಟರಿಯನ್ನು ಹಿಡಿಕೆಯ ಹಿಂದಕ್ಕೆ ತಂದರೆ? ತಕ್ಕಡಿಯಂತೆ ಎರಡೂ ಕಡೆ ಸಮವಾಗುತ್ತದೆ. ಆದರೆ ಅದನ್ನು ಹೊರಲು ಹಿಂಭಾಗದ ಹೊರಕವಚ ದಪ್ಪವಾಗಬೇಕು, ಒಟ್ಟು ತೂಕ ಹೆಚ್ಚುತ್ತದೆ. ತೂಕ ಇಳಿಸಿ, ಇಳಿಸಿ ಎಂದು ಜಪ ಮಾಡುವ ಮುಖ್ಯಸ್ಥರು ಒಪ್ಪುತ್ತಾರಾ? ಒಪ್ಪಿಸುತ್ತೇನೆ ಎಂದುಕೊಂಡಳು.

ಮರುದಿನ ನೇರವಾಗಿ ಅವನೆದುರು ನಿಂತಳು. "ಮೊದಲೇ ನಂಗೆ ಯಾಕೆ ಹೇಳಲಿಲ್ಲ?"

"ಭಾನುವಾರ ಅಕ್ಕನ ಮನೆಗೆ ಒಯ್ದಿದ್ದೆ. ಅವಳು ಮತ್ತೆ ಮತ್ತೆ ಕೆಳಗಿಟ್ಟು ಕೈ ಹಿಸುಕಿಕೊಳ್ತಿದ್ಳು. ಹೇಳೋಣ ಅಂತಾನೇ ನಿನ್ನೆ ಬೆಳಿಗ್ಗೆ ನಿಮ್ಮ ಹತ್ರ ಓಡಿ ಬಂದೆ. ನೀವು ಕೇಳಲಿಲ್ಲ."

"ನಿನ್ನೆ ಹೇಳೋಕೆ ಬಂದಿದ್ದು... ಇದನ್ನಾ?"

"ಮತ್ತೇನು ಅಂದ್ಕೊಂಡ್ರಿ?"

"ಏನಿಲ್ಲ!" ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು. ಛೇ, ಎಂಥಾ ಹುಚ್ಚಿ ನಾನು! ಆದರೂ ಬೆನ್ನು ನೆಟ್ಟಗೆ ಮಾಡಿದಳು. "ಬ್ಯಾಟರಿ ಹಿಂದಕ್ಕೆ ತರ್ತಿದ್ದೀನಿ. ಈ ಸಲ ಸ್ಟ್ಯಾಂಡ್ ಬೇಡ. ನಿಮ್ಮ ಕೈ ಬೇಕು."

ವಾರವಿಡೀ ಅವಳು ತಿದ್ದಿದಳು, ಅವನು ಹಿಡಿದು ಕಟ್ಟಡದ ಮೆಟ್ಟಿಲುಗಳನ್ನೆಲ್ಲ ಗುಡಿಸಿದ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದ. ಒಮ್ಮೆಯೂ ಬೆಣ್ಣೆ ಹಚ್ಚಲಿಲ್ಲ. ತನಗೆ ನೋವಾಗಬಾರದೆಂದು ಇವನು ಸುಮ್ಮನಿದ್ದಿದ್ದರೆ? ಎಷ್ಟು ಮನೆಗಳಲ್ಲಿ ಕೈ ನೋಯುತ್ತಿತ್ತೋ!

ಸಭೆಯಲ್ಲಿ ಮುಖ್ಯಸ್ಥರು ತೂಕದ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. "ಹೆಚ್ಚಾಗಿದೆಯಲ್ಲಮ್ಮ!"

"ಹೌದು ಸಾರ್, ಹೆಚ್ಚಾಗಿದೆ. ಅಂಕಿ ಬಿಡಿ, ಹಿಡಿದು ನೋಡಿ."

ಅವರು ಹಿಡಿದರು. ಕಿಟಕಿಯ ಅಂಚು ಗುಡಿಸಿದರು. ಕಪಾಟಿನ ಮೇಲೆ ಕೈ ಎತ್ತಿದರು. ಆಮೇಲೆ ಮಾತಾಡುತ್ತಾಡುತ್ತಲೇ ಇಡೀ ಕೊಠಡಿಯ ಕುರ್ಚಿಗಳನ್ನೆಲ್ಲ ಗುಡಿಸಿಬಿಟ್ಟರು, ಕೆಳಗಿಡುವುದನ್ನೇ ಮರೆತು!

"ಕಾರ್ಖಾನೆಗೆ ಕಳಿಸಿ," ಎಂದರು ಕೊನೆಗೆ.

ಹೊರಗೆ ಮೊಗಸಾಲೆಯಲ್ಲಿ ಅವರಿಬ್ಬರೇ ಉಳಿದರು. ಅವಳ ಕಣ್ಣು ತುಂಬಿತ್ತು. ಇವನು ಹೇಳಲಿ ಎಂದು ಕಾಯ್ತಾ ಕೂತರೆ ಆಯಿತು ಕಥೆ!

"ನಂಗೆ ನೀವು ಇಷ್ಟ. ತುಂಬಾ..."

ಅವನ ಮುಖ ಕಿವಿಯವರೆಗೂ ಕೆಂಪೇರಿತು.

"ನಂಗೆ... ಸಿಹಿ ಮಾತು ಬರಲ್ಲ. ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ."

"ಅದಕ್ಕೇ ಇಷ್ಟ."

"ನೀವು ಮಾಡಿದ್ರಲ್ಲಿ ತಪ್ಪಿದ್ರೆ ತಪ್ಪು ಅಂತೀನಿ. ಜನ್ಮ ಪೂರ್ತಿ."

"ಎಲ್ಲರ ಮುಂದೇನಾ?"

ಅವನು ಹತ್ತಿರ ಬಂದ. ದಣಿದಿದ್ದ ಅವಳ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಇಲ್ಲ ಕಣೇ. ಮೊದಲು ನಿನ್ನ ಹತ್ರ. ನೀನು ಓಡಿಹೋದ್ರೆ... ಹಿಂದೇನೇ ಓಡಿ ಬಂದು ಹೇಳ್ತೀನಿ."