ದಿಡ್ಡಿ ಬಾಗಿಲು ಮುಚ್ಚಿ ಹೋದವರು

2012ರ ಜೂನ್ 18, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ರಾಮಲಿಂಗಪ್ಪ ಜಮಖಂಡಿ ರಸ್ತೆಯ ಠಾಣೆಗೆ ಬಂದ. ರಕ್ತ ತಪಾಸಣೆಯ ಲ್ಯಾಬ್ ಇಟ್ಟವನು, ಊರಿನ ದೊಡ್ಡ ಮನುಷ್ಯ. ಹಾಗಾಗಿ ಅವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಚಹಾ ಬಂತು.

“ಸಾಹೇಬ್ರ, ನನ್ನ ಲ್ಯಾಬ್ ಲೂಟಿ ಆತ್ರಿ. ಆರು ಸಾವಿರ ಮಂದಿ ರಿಪೋರ್ಟ್ ಅಳಿಸಿ ಹಾಕ್ಯಾರ!”

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ಆಯಿತು. ಈ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಯವರೇ ಮಾಡಬೇಕು. ಎರಡು ಬೆರಳಲ್ಲಿ ಟೈಪ್ ಮಾಡುವ ಇನ್‌ಸ್ಪೆಕ್ಟರ್ ಸಿದರಾಯನ ಕೊರಳಿಗೆ ಕೇಸು ಹೀಗೆ ಬಿತ್ತು.

ಮಧ್ಯಾಹ್ನ ಪಂಚರ ಸಮಕ್ಷಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಸರ್ವರ್ ಎಂದರೆ ದೇವರ ಫೋಟೊದ ಕೆಳಗೆ ಧೂಳು ಹೊದ್ದು ಕೂತ ಒಂದು ಕಂಪ್ಯೂಟರು, ಅಷ್ಟೆ. ಬಾಗಲಕೋಟೆಯಿಂದ ಬಂದಿದ್ದ ತಜ್ಞ ಕಲ್ಮೇಶ ಅದರ ಡಿಸ್ಕಿನ ನಕಲು ತೆಗೆದು, ಮೂಲವನ್ನು ಸೀಲ್ ಮಾಡಿಸಿ, ನಕಲಿನ ಮುಂದೆ ಕೂತ. ಸಂಜೆಗೆ ತಲೆ ಎತ್ತಿದ.

“ಮಂದಿ ರಿಪೋರ್ಟ್ ನೋಡೂ ಇವ್ರ ವೆಬ್‌ಸೈಟ್ ನಡಿಯೂದು ಪಿಎಚ್‌ಪಿ ಅನ್ನೂ ತಂತ್ರಾಂಶದ ಮ್ಯಾಲರಿ. ಅದರಾಗ ಒಂದು ಕಿಂಡಿ ಇತ್ತು. ವಿಳಾಸದ ತುದಿಗೆ ಒಂದೆರಡು ಅಕ್ಷರ ಕೂಡಿಸಿದ್ರ ಒಳಗಿನ ಪಾಸ್‌ವರ್ಡ್ ಕಣ್ಣ ಮುಂದ ಬರತಿತ್ತು. ಮೇ ತಿಂಗಳ ಶುರೂಕನ ಅದನ್ನ ಮುಚ್ಚಾಕ ಪ್ಯಾಚ್ ಬಂದಿತ್ತು. ಇವ್ರು ಹಾಕಿಲ್ಲ. ಆದ್ರ ಈಗ ಕಿಂಡಿ ಇಲ್ರಿ.”

“ಯಾರ್ ಮುಚ್ಚಿದ್ರು?”

“ಅಳಿಸಿದವರ ಮುಚ್ಚ್ಯಾರ. ಮೊದಲ ರಿಪೋರ್ಟ್ ಅಳಿಸಿ, ಆಮ್ಯಾಲ ಪ್ಯಾಚ್ ಹಾಕಿ ಹೋಗ್ಯಾರ.”

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆಯಿದೆ. ಸೂರೆ ಮಾಡಿದವರೇ ಬಾಗಿಲು ಹಾಕಿಕೊಂಡು ಹೋದದ್ದನ್ನು ಸಿದರಾಯ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಇನ್ನೂ ಸೋಜಿಗವೆಂದರೆ, ಯಾರು ಎಲ್ಲಿಂದ ಬಂದು ಏನು ನೋಡಿದರೆಂದು ಬರೆದಿಡುವ ಲಾಗ್ ಫೈಲು ಹಾಗೇ ಇತ್ತು. ಪ್ಯಾಚ್ ಹಾಕಲು ಬರುವವರಿಗೆ ಅದನ್ನು ಅಳಿಸುವುದು ಎಡಗೈ ಕೆಲಸ ಎಂದ ಕಲ್ಮೇಶ.

ಸಿದರಾಯ ರಾಮಲಿಂಗಪ್ಪನ ಕಡೆ ತಿರುಗಿದ. “ಪ್ಯಾಚ್ ಹಾಕ್ರಿ ಅಂತ ನಿಮಗ ಯಾರರ ಹೇಳಿದ್ರೇನು?”

“ಸಂಧ್ಯಾ ಅಂತ ಒಂದ್ ಹುಡುಗಿ ಇತ್ರಿ, ಕಂಪ್ಯೂಟರ್ ನೋಡ್ಕೋತಿದ್ಲು. ದಿನಾ ಅದ ರಗಳಿ. ನಡಿಯಾಕತ್ತಿದ್ದನ್ನ ಯಾಕ ಕೆದಕ್ತಿ, ಮಂದಿ ಸಕ್ರಿ ರಿಪೋರ್ಟ್ ಯಾರ್ ಕದೀತಾರ ಅಂದ್ನಿ.”

“ಈಗ ಎಲ್ಲದಾಳ?”

“ಬಿಡಿಸೇನ್ರಿ. ಅವರವ್ವಗ ಎಚ್‌ಐವಿ ಐತಿ ಅಂತ ಊರೆಲ್ಲ ಗೊತ್ತಾತು. ಗಿರಾಕಿ ಬರಬೇಕಲ್ರೀ.”

“ಊರಿಗೆ ಹೆಂಗ ಗೊತ್ತಾತು?”

ರಾಮಲಿಂಗಪ್ಪ ದೇವರ ಫೋಟೊ ನೋಡಿದ. “ನಮ್ಮ ರಿಪೋರ್ಟ್ ಯಾರೋ ತಗದು ಹಚ್ಚಿದ್ರಂತ್ರಿ.”

ಎಲಾ ಇವನ! ಬಾಗಿಲು ತೆರೆದಿಟ್ಟವನು ಫಿರ್ಯಾದಿಯಾಗಿ ಚಹಾ ಕುಡಿದು ಹೋಗಿದ್ದ. ಅವನ ಮೇಲೆ ಕ್ರಮಕ್ಕೆ ಏನಿದೆ ಎಂದು ಸಿದರಾಯ ಕಾಯ್ದೆಯ ಪುಸ್ತಕ ತಿರುವಿದ. ಅಲಕ್ಷ್ಯಕ್ಕೆ ಪರಿಹಾರ ಕೇಳಬಹುದು, ಅದೂ ಬೆಂಗಳೂರಿಗೆ ಹೋಗಿ. ಹಿಡಿದು ಒಳಗೆ ಹಾಕುವ ಕಲಂ ಸಿಗಲಿಲ್ಲ.

ಲಾಗ್‌ನಲ್ಲಿದ್ದ ಇಂಟರ್‌ನೆಟ್ ಸಂಖ್ಯೆ ಯಾರದೆಂದು ಫೋನ್ ಕಂಪನಿಗೆ ಬರೆಯಲಾಯಿತು. ಶುಕ್ರವಾರ ಉತ್ತರ ಬಂತು. ಮಹಾಲಿಂಗಪುರದ ಹತ್ತಿರದ ಹಳ್ಳಿಯ ಸಂಧ್ಯಾಳ ಸ್ವಂತ ಹೆಸರಿನ ಡೇಟಾಕಾರ್ಡ್.

ಶನಿವಾರ ಬೆಳಿಗ್ಗೆ ಜೀಪು ಹೊರಟಿತು. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಚನಮಲ್ಲಪ್ಪ, ಮಹಿಳಾ ಪೇದೆ ರತ್ನಾಬಾಯಿ. ಮನೆ ಮುಂದೆ ಜೀಪು ನಿಂತಾಗ ಸಂಧ್ಯಾ ಬಟ್ಟೆಯ ಚೀಲ ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

“ಭಾಳ ತಡಾ ಮಾಡಿದ್ರಿ,” ಎಂದಳು.

ತಾಯಿ ಲಗಮವ್ವ ಊರಿನ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ರಿಪೋರ್ಟು ಶಾಲೆಯ ಗೋಡೆಗೆ ಅಂಟಿದ ದಿನವೇ ಅವಳ ಕೈಯಿಂದ ಸೌಟು ಕಿತ್ತುಕೊಂಡಿದ್ದರು. ಆಕೆ ಮೂರು ಲೋಟ ನೀರು ತಂದಳು. ಸಿದರಾಯ ಕುಡಿದ, ರತ್ನಾಬಾಯಿ ಕುಡಿದಳು. ದಾರಿಯುದ್ದಕ್ಕೂ ನೀರಡಿಕೆ ನೀರಡಿಕೆ ಅನ್ನುತ್ತ ಬಂದಿದ್ದ ಚನಮಲ್ಲಪ್ಪ ಲೋಟವನ್ನು ಹಾಗೇ ಹೊಸ್ತಿಲ ಬಳಿ ಇಟ್ಟ. ಲಗಮವ್ವ ಅದನ್ನು ನೋಡಿಯೂ ನೋಡದಂತೆ ಎತ್ತಿಕೊಂಡು ಹೋದಳು.

“ರಿಪೋರ್ಟ್ ಅಳಿಸಿದಾಕಿ ನೀನ?” ಸಿದರಾಯ ಕೇಳಿದ.

“ಹೌದ್ರಿ.”

“ಎಲ್ಲಾ ಅಳಿಸಿದ ಮ್ಯಾಲ ಪ್ಯಾಚ್ ಯಾಕ ಹಾಕಿದಿ?”

“ನಾಳೆ ಮತ್ತ ಹೊಸಾ ರಿಪೋರ್ಟ್ ಏರಸ್ತಾರ್ರಿ. ಅವೂ ಯಾರದೋ ಅವ್ವಂದು ಇರ್ತಾವ.”

“ಲಾಗ್ ಯಾಕ ಬಿಟ್ಟಿ? ಅದನ್ನ ಅಳಿಸಿದ್ರ ನೀ ನಮಗ ಸಿಗತಿದ್ದಿಲ್ಲ.”

ಸಂಧ್ಯಾ ಚನಮಲ್ಲಪ್ಪನತ್ತ ಕೈ ಮಾಡಿದಳು. “ಅವ್ವನ ರಿಪೋರ್ಟ್ ಗ್ವಾಡಿಗೆ ಹಚ್ಯಾರ ಅಂತ ಠಾಣೇಕ ಬಂದಿದ್ನಿರಿ. ‘ರಿಪೋರ್ಟ್ ಖರೆ ಐತಿಲ್ಲೊ? ಖರೆ ಹಚ್ಚಿದ್ರ ಅದೇನ್ ಗುನ್ನೆ?’ ಅಂದು ಇವ್ರ ಕಳಿಸಿದ್ರು. ನನ್ನ ಅರ್ಜಿಗೆ ಎಫ್‌ಐಆರ್ ಆಗಲಿಲ್ಲ. ಮಾಲಕರ ಅರ್ಜಿಗೆ ಆಗೂದ ಆಗ್ತೈತಿ ಅಂತ ಗೊತ್ತಿತ್ತು. ನನ್ನ ಹುಡುಕಾಕರ ನೀವು ಲಾಗ್ ಓದ್ತೀರಿ. ಜೂನ್ ನಾಲ್ಕನೇ ತಾರೀಖಿಂದು ನೋಡ್ರಿ. ಅವ್ವನ ರಿಪೋರ್ಟ್ ತಗದವನ ಗುರುತೂ ಅಲ್ಲೇ ಐತಿ.”

ಚನಮಲ್ಲಪ್ಪ ತನ್ನ ಬೂಟು ನೋಡುತ್ತ ನಿಂತ. ಸಿದರಾಯ ಕಲ್ಮೇಶನಿಗೆ ಫೋನ್ ಹಚ್ಚಿದ. ಹೌದು, ಜೂನ್ 4ರಂದು ಆ ರಿಪೋರ್ಟು ತೆರೆದದ್ದು ಇದೇ ಊರಿನ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಿಂದ; ಆ ಸಂಖ್ಯೆ ಶಾಲೆಯ ಹೆಸರಿಗೇ ಕಾಯಂ ಇದ್ದದ್ದರಿಂದ ಕಂಪನಿಯನ್ನು ಕೇಳಬೇಕಾಗಲಿಲ್ಲ. ಆ ಕೋಣೆಯ ಕೀಲಿ ಕಂಪ್ಯೂಟರ್ ಮಾಸ್ತರ ಒಬ್ಬನ ಕೈಯಲ್ಲೇ ಇರುತ್ತದೆ ಎಂದಳು ಸಂಧ್ಯಾ. ಒಂದು ಹುಡುಗಿ ಜೈಲಿಗೆ ಹೋಗುವ ಬೆಲೆ ಕೊಟ್ಟು ಪೊಲೀಸರ ಕೈಯಲ್ಲಿ ನಾಲ್ಕು ಸಾಲು ಓದಿಸಿದ್ದಳು. ಸಿದರಾಯನಿಗೆ ನಾಚಿಕೆಯಾಯಿತು.

“ಅವ್ವಾ,” ಎಂದ ಲಗಮವ್ವನಿಗೆ, “ನೀ ಒಂದ್ ಅರ್ಜಿ ಕೊಡು. ಅವನ್ನ ನಾ ಬಿಡೂದಿಲ್ಲ.”

“ಅದರಾಗ ನನ್ನ ಹೆಸರ ಬರೀತೀರೇನ್ರಿ?”

“ಬರೀಬೇಕಾಗ್ತೈತಿ.”

“ರೋಗದ ಹೆಸರೂ?”

ಸಿದರಾಯ ಹೌದೆಂದು ತಲೆಯಾಡಿಸಿದ.

“ಸಾಲಿ ಗ್ವಾಡಿ ಮ್ಯಾಲಿಂದು ಮಳಿಗೆ ತೊಯ್ದು ಹೋತ್ರಿ. ಕೋರ್ಟಿನ ಕಾಗದ ತೊಯ್ಯೂದಿಲ್ಲ. ಬ್ಯಾಡ್ರಿ.”

“ಯವ್ವಾ!” ಅಲ್ಲಿಯವರೆಗೂ ಗಟ್ಟಿಯಾಗಿದ್ದ ಸಂಧ್ಯಾಳ ದನಿ ಒಡೆಯಿತು. “ನಿನ್ನ ಸಲುವಾಗೇ ಮಾಡೇನಲ್ಲಬೇ!”

“ನನ್ನ ಕೇಳಿ ಮಾಡಿದ್ದೇನು?”

ಸಿದರಾಯ ಜೀಪಿನ ಬಾನೆಟ್ಟಿನ ಮೇಲೆ ಬಂಧನದ ಮೆಮೊ ಬರೆಯತೊಡಗಿದ. ಕಾರಣದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಲಗಮವ್ವನೂ ಅವಳ ರೋಗವೂ ಕೋರ್ಟು ಏರುತ್ತವೆ. ಬರೆಯದಿದ್ದರೆ ಮಗಳ ಮೇಲೆ ಕರುಣೆ ತೋರಲು ನ್ಯಾಯಾಧೀಶರಿಗೆ ಏನೂ ಉಳಿಯುವುದಿಲ್ಲ. ಅವನು ಸಂಧ್ಯಾಳ ಮುಖ ನೋಡಿದ. ಅವಳು ಕಣ್ಣೊರೆಸಿಕೊಂಡು, ಬೇಡ ಎಂದು ತಲೆಯಲ್ಲಾಡಿಸಿದಳು.

ಮೆಮೊಗೆ ಮನೆಯವರ ಸಾಕ್ಷಿ ಬೇಕು. ಲಗಮವ್ವನಿಗೆ ಓದಲು ಬಾರದು.

“ಏನ್ ಬರದೀರಿ?” ಎಂದು ಕೇಳಿದಳು.

“‘ಕೆಲಸದಿಂದ ಬಿಡಿಸಿದ್ದಕ್ಕೆ ಮಾಲೀಕರ ಮೇಲಿನ ದ್ವೇಷದಿಂದ’,” ಸಿದರಾಯ ಓದಿದ. ಅವನ ದನಿ ಅವನಿಗೇ ಸಹ್ಯವಾಗಲಿಲ್ಲ.

ಲಗಮವ್ವ ಮಗಳ ಕಡೆ ತಿರುಗಿದಳು. “ಖರೆ ಏನ?”

“ಖರೆ ಐತಿಬೇ,” ಎಂದಳು ಸಂಧ್ಯಾ. “ಹೆಬ್ಬಟ್ಟ ಒತ್ತು.”

ಮುದುಕಿ ಒತ್ತಿದಳು.