ಪಿಲ್ಬೆಕ್ ಸಾಹೇಬನ ಕಳೆದುಹೋದ ಚಿತ್ರ

ಪರದೆಯ ಮೇಲೆ ಮಂಜು ಸೀಳಿಕೊಂಡು ರೈಲು ಬಂತು. ವಿಶಾಖಪಟ್ಟಣದ ಫಿಲ್ಮ್ ಸೊಸೈಟಿ ಉಸಿರು ಬಿಗಿಹಿಡಿಯಿತು. ಮರುಕ್ಷಣ ಬೊಜ್ಜಿನ ಕಳ್ಳನೊಬ್ಬ ಬಕೆಟ್ಟಿನೊಳಗೆ ಕಾಲಿಟ್ಟು ಮುಗ್ಗರಿಸಿದ. ಜನ ಗೊಳ್ಳೆಂದು ನಕ್ಕರು.

ಕಾಮೇಶ್ವರ ತಟ್ಟನೆ ಎದ್ದರು. "ಇದು ನನ್ನ ಪಿಕ್ಚರ್ ಅಲ್ಲ. ಯಾರೋ ಬದಲಾಯಿಸಿದಾರೆ."

ಆರ್ಥರ್ ಪಿಲ್ಬೆಕ್ ಎಂಬ ಇಂಗ್ಲಿಷ್ ನಿರ್ದೇಶಕ ಜುಜುಬಿ ಬಂಡವಾಳದಲ್ಲಿ ಎಂಬತ್ತು ಚಿತ್ರ ಸುತ್ತಿ ಎಸೆದಿದ್ದ. ಅದೇ ಮೆಟ್ಟಿಲಿಗೆ ಬಣ್ಣ ಬಳಿದರೆ ಒಮ್ಮೆ ಅರಮನೆ, ಒಮ್ಮೆ ಆಸ್ಪತ್ರೆ. ಅವನ ಒಂದು ಚಿತ್ರ ಮಾತ್ರ ಕಳೆದುಹೋಗಿತ್ತು. ಅದರ ಏಕೈಕ ಪ್ರತಿ ಸಿಕ್ಕಿದ್ದು ವಿಜಯವಾಡದ ಒನ್ ಟೌನಿನಲ್ಲಿ, ಟಾಕೀಸು ನಡೆಸುತ್ತಿದ್ದ ಕಾಮೇಶ್ವರರ ಅಟ್ಟದ ಮೇಲೆ.

"ರೀಲು ಬಿಡೋದಕ್ಕೂ ಒಂದು ಮಿತಿ ಬೇಕು ಕಣ್ರೀ," ಅಧ್ಯಕ್ಷ ಸುಬ್ರಹ್ಮಣ್ಯ ಕುದಿದರು. "ನಿನ್ನೆ ಇಲ್ಲೇ, ನಿಮ್ಮೆದುರಿಗೇ ರೈಲು ಬರೋವರೆಗೆ ಓಡಿಸಿ ನೋಡಿದೆ. ಇದೇ ರೈಲಿತ್ತು. ಮೋಸ ಅಂತ ನಾಳೆ ಪೇಪರಿಗೆ ಕೊಡ್ತೀನಿ."

"ನನ್ನದರಲ್ಲೂ ಇದೇ ರೈಲೇನಂಡಿ. ಆಮೇಲೆ ಕಣ್ಣಿಲ್ಲದ ಹುಡುಗಿ ಇಳೀತಾಳೆ." ಹಾಸನದ ಹೆಂಡತಿಯಿಂದ ಕಲಿತ, ತೆಲುಗು ಬೆರೆತ ಕನ್ನಡ ಕಾಮೇಶ್ವರರದು. ಪಕ್ಕದ ಸೀಟಿನತ್ತ ತಿರುಗಿದರು. "ಈ ವಯಸ್ಸಲ್ಲಿ ನನ್ನನ್ನ ಕಳ್ಳ ಅಂತಾರಲ್ಲಮ್ಮ, ಹರಿಣಿಗಾರೂ."

ಹರಿಣಿ ಎದ್ದಳು. ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಸೊಸೈಟಿಯ ಕಾರ್ಯದರ್ಶಿ. ನಂಬಿಸಿ ಚಿತ್ರ ತರಿಸಿದವಳೇ ಅವಳು.

* * *

ಓಡಿಹೋಗಿ ಸೊಸೈಟಿಯ ಬೀರು ತೆರೆದಳು. ಪಿಲ್ಬೆಕ್‌ನ ಬೇರೆ ಚಿತ್ರಗಳ ಏಳು ಡಬ್ಬ. ಒಂದು ಖಾಲಿ. ಅದರೊಳಗಿದ್ದ ಚಿತ್ರವೇ ಈಗ ಪರದೆಯ ಮೇಲೆ ಓಡಿದ್ದು. ಕಾಮೇಶ್ವರ ಸತ್ಯವಂತರು!

ಕೀಲಿ ಇದ್ದದ್ದು ಅವಳ ಬಳಿ, ಸುಬ್ರಹ್ಮಣ್ಯರ ಬಳಿ ಮತ್ತು ಪಿಲ್ಬೆಕ್‌ನನ್ನು ಅರೆದು ಕುಡಿದಿದ್ದ ಸದಸ್ಯ ಜಗದೀಶರ ಬಳಿ. ಮೊನ್ನೆ ಒನ್ ಟೌನಿನಿಂದ ಚಿತ್ರ ತಂದವರು ಜಗದೀಶ್. ನಿನ್ನೆ ರಾತ್ರಿ ಅದು ಇದ್ದದ್ದು ಸುಬ್ರಹ್ಮಣ್ಯರ ಮನೆಯಲ್ಲಿ. ಕೂಗಾಡುತ್ತಿರುವವರೂ ಅವರೇ. ಅನುಮಾನ ಅತ್ತ ವಾಲಿತು.

ಸಭಾಂಗಣಕ್ಕೆ ಮರಳಿದಾಗ ಮುಂದಿನ ಸಾಲಿನ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು.

"ಜಗದೀಶ್ ಎಲ್ಲಿ ಸರ್?"

"ಜ್ವರ ಅಂತೆ."

"ಕಾಮೇಶ್ವರ ಅವರೇ, ಕಾರು ಹತ್ತಿ. ಪೆಂಡುರ್ತಿಗೆ, ಅವರ ಮನೆಗೇ ಹೋಗೋಣ."

* * *

ಬಾಗಿಲು ತೆರೆದ ಜಗದೀಶರಲ್ಲಿ ಜ್ವರದ ಸುಳಿವೂ ಇರಲಿಲ್ಲ.

"ಪಿಲ್ಬೆಕ್ ಮೇಲೆ ಪುಸ್ತಕ ಬರೆದವರು ನೀವು," ಎಂದಳು ಹರಿಣಿ. "ಅವನ ಕಳೆದುಹೋದ ಚಿತ್ರ ನೋಡೋಕೆ ನೀವೇ ಬರ್ಲಿಲ್ಲ. ಯಾಕಂದ್ರೆ ಆಗಲೇ ನೋಡಿದೀರ."

"ಸುಮ್ನೆ ಏನೇನೋ ಹೇಳ್ಬೇಡಿ."

"ಬೀರುವಿನ ಏಳು ಡಬ್ಬದಲ್ಲಿ, ರೈಲಿಂದ ಶುರುವಾಗೋ ಚಿತ್ರವನ್ನೇ ಕಳ್ಳ ಹೆಕ್ಕಿದಾನೆ. ಪರೀಕ್ಷೇಲಿ ಸಿಕ್ಕಿಬೀಳಬಾರದು ಅಂತ. ಪಿಲ್ಬೆಕ್ ಜಿಪುಣ, ಒಂದೇ ರೈಲನ್ನ ಎರಡು ಚಿತ್ರಕ್ಕೆ ಓಡಿಸಿದ. ಅದು ತಿಳೀಬೇಕಾದ್ರೆ ಎರಡನ್ನೂ ನೋಡಿರಬೇಕು. ಸುಬ್ರಹ್ಮಣ್ಯ ಸರ್ ಮನೇಲಿ ಪ್ರೊಜೆಕ್ಟರ್ ಇಲ್ಲ. ನಿಮ್ಮಲ್ಲಿದೆ."

ಜಗದೀಶ್ ಮಂಚದ ಕೆಳಗಿನಿಂದ ಒಂದು ಡಬ್ಬ ಎಳೆದರು.

"ನನ್ನ ಪುಸ್ತಕ ಅಚ್ಚಾಗಿದೆ. ಎಂಬತ್ತು ಚಿತ್ರದಲ್ಲಿ ಒಂದೂ ನೋಡುವಂಥದ್ದಲ್ಲ ಅಂತ ಬರ್ದಿದೀನಿ. ಇದು ಕೆಟ್ಟದಾಗಿದ್ದಿದ್ರೆ ಕೈಯಾರೆ ತಂದುಕೊಡ್ತಿದ್ದೆ." ಡಬ್ಬವನ್ನು ಮುಂದೆ ಚಾಚಿದರು. "ಆ ಹುಡುಗಿ ರೈಲಿಂದ ಇಳಿದಾಗ ಅತ್ತುಬಿಟ್ಟೆ. ಸುಡೋಣ ಅಂದ್ಕೊಂಡೆ. ಕೈ ಬರ್ಲಿಲ್ಲ."

ಕಾಮೇಶ್ವರ ಡಬ್ಬವನ್ನು ಎದೆಗವಚಿಕೊಂಡರು.

"ಜನ ಇನ್ನೂ ಕೂತಿದಾರೆ. ಈ ಮಾತು ಅಲ್ಲಿ ಬಂದು ಹೇಳಿ," ಎಂದರು. "ಆಮೇಲೆ ನನ್ನ ಪಕ್ಕದಲ್ಲೇ ಕೂತು ನೋಡಿ."