ಪಕ್ಕದವನ ಕೈಯ ಉಂಗುರ

ವಡೋದರಾದ ಒಂದು ಆಸ್ಪತ್ರೆಯ ನರರೋಗ ವಾರ್ಡಿನಲ್ಲಿ ಬೆಳಗ್ಗೆ ಎದ್ದ ಗಲಾಟೆ ಅರ್ಚಿತಾಳಿಗೆ ಮೆಟ್ಟಿಲಲ್ಲೇ ಕೇಳಿಸಿತು. ಪಟ್ಟಾಭಿರಾಮ ರಾಯರ ಮದುವೆಯ ಉಂಗುರ ಮಾಯವಾಗಿತ್ತು.

ರಾಯರು ಊರ ಹೊರಗಿನ ಕೊಯಾಲಿಯ ತೈಲ ರಿಫೈನರಿಯಿಂದ ನಿವೃತ್ತರಾದವರು. ಹತ್ತು ದಿನದ ಹಿಂದೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಎಡಗೈಯ ಉಂಗುರ ಎಷ್ಟು ಬಿಗಿಯಾಗಿತ್ತೆಂದರೆ, ಆಸ್ಪತ್ರೆಗೆ ಸೇರಿಸುವಾಗ ತೆಗೆಯಲು ನೋಡಿ ನರ್ಸುಗಳೇ ಸೋತಿದ್ದರು. ಇವತ್ತು ಹೆಂಡತಿ ಕಮಲಾಕ್ಷಮ್ಮ ಮೈ ಒರೆಸಲು ಬಿಸಿನೀರು ತಂದು ನೋಡಿದರೆ ಬೆರಳು ಬರಿದು.

"ಅಪ್ಪಾ, ಉಂಗುರ ಎಲ್ಲಿ?" ಎಂದು ಮಗ ಚೇತನ್ ಕೇಳಿದ.

"ಕೈಯಲ್ಲೇ ಇದೆಯಲ್ಲೋ," ಎಂದರು ರಾಯರು, ಕೈ ನೋಡದೆಯೇ.

ಆಗ ಅರ್ಚಿತಾ ಬಾಯಿಬಿಟ್ಟಳು. ಅವಳು ಮೂರನೇ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ, ಬ್ಯಾಂಕ್ ಕೆಲಸಕ್ಕೆಂದು ಇಲ್ಲಿಗೆ ಬಂದ ಕನ್ನಡಿಗರ ಮಗಳು, ಇದೇ ಊರಲ್ಲಿ ಬೆಳೆದವಳು. ವಾರ್ಡಿನಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿ ಅವಳೊಬ್ಬಳೇ ಎಂದು ರಾಯರ ಕೇಸು ಅವಳ ಪಾಲಿಗೆ ಬಂದಿತ್ತು. "ನಿನ್ನೆ ಬೆಳಗ್ಗೆ ಅಂಕಲ್ ನನಗೆ ಹೇಳಿದ್ರು. ಪಕ್ಕದವನು ನನ್ನ ಉಂಗುರ ಹಾಕ್ಕೊಂಡಿದಾನೆ ಅಂತ. ನಾನು ಬರೆದುಕೊಂಡೆ."

ಎಲ್ಲರೂ ಬಲಗಡೆಯ ಮಂಚದತ್ತ ತಿರುಗಿದರು. ಅಲ್ಲಿದ್ದವರು ದಾಮೋದರಭಾಯ್, ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುತ್ತಿದ್ದವರು. ಕೈನಡುಕದ ಚಿಕಿತ್ಸೆಗೆಂದು ಮಗಳ ಊರಿಗೆ ಬಂದಿದ್ದರು. ಚೇತನ್ ಅವರ ಚೀಲವನ್ನು ಮಂಚದ ಮೇಲೆ ಸುರಿದೇಬಿಟ್ಟ. ಉಂಗುರವಿರಲಿಲ್ಲ. "ಪೊಲೀಸರನ್ನೇ ಕರೆಸ್ತೀನಿ," ಎಂದ.

"ನಲವತ್ತು ವರ್ಷ ಬೇರೆಯವರ ವಜ್ರ ಈ ಕೈಯಲ್ಲಿತ್ತು ಬೇಟಾ," ಎಂದರು ದಾಮೋದರಭಾಯ್ ಗುಜರಾತಿಯಲ್ಲಿ. "ಒಂದು ಚೂರು ಕಡಿಮೆಯಾಗಿಲ್ಲ." ಚೆಲ್ಲಿದ ಬಟ್ಟೆ ಮಡಚಲು ಹೋದರೆ ಕೈ ಮಾತು ಕೇಳಲಿಲ್ಲ.

ಅರ್ಚಿತಾ ಓಡಿಹೋಗಿ ರೆಸಿಡೆಂಟ್ ಡಾಕ್ಟರ್ ಮೇದಿನಿಯನ್ನು ಕರೆತಂದಳು. ದಾವಣಗೆರೆಯ ಮೇದಿನಿಗೆ ಬಗೆಹರಿಯದ್ದು ಆ ವಾರ್ಡಿನಲ್ಲಿ ಕಡಿಮೆ. ಅವಳು ಮೊದಲು ಅರ್ಚಿತಾಳ ಟಿಪ್ಪಣಿ ಓದಿದಳು. "ಹಸಿವು ಕಡಿಮೆ ಅಂತ ಬರೆದಿದೀಯ. ಯಾಕೆ?"

"ತಟ್ಟೆಯಲ್ಲಿ ಅರ್ಧ ಬಿಡ್ತಾರೆ ಮೇಡಮ್."

"ಯಾವ ಅರ್ಧ?"

ಉತ್ತರ ಕೊಟ್ಟವರು ಕಮಲಾಕ್ಷಮ್ಮ. "ಎಡಗಡೇದು. ನಿನ್ನೆ ಮಧ್ಯಾಹ್ನವೂ ಮೊಸರನ್ನ ಬಲಗಡೆ ಮಾತ್ರ ತಿಂದ್ರು."

ಮೇದಿನಿ ರಾಯರ ಎಡಗೈ ಎತ್ತಿ ಬೆಳಕಿಗೆ ಹಿಡಿದಳು. ಉಂಗುರದ ಬೆರಳಿನ ಬುಡದಲ್ಲಿ ಏನೋ ಬಿಳಿಯದು ಹಕ್ಕಳೆಗಟ್ಟಿ ಒಣಗಿತ್ತು. ಮೂಸಿದಳು. ಆಮೇಲೆ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿದಳು.

"ದಾಮೋದರಭಾಯ್‌ಗೆ ಚಮಚ ಹಿಡಿಯೋಕಾಗಲ್ಲ. ಅಷ್ಟು ಬಿಗಿ ಉಂಗುರ ಅವರು ಎಳೆಯೋದುಂಟೇ? ಇಲ್ಲಿ ಒಣಗಿರೋದು ಮೊಸರು. ರಾಯರು ಎಡಗೈಯಲ್ಲಿ ಊಟ ಮಾಡಲ್ಲ, ಅದು ಅಲ್ಲಾಡೋದೂ ಇಲ್ಲ. ಹಾಗಾದರೆ ಮೊಸರು ಬಂದಿದ್ದು ಅವರದೇ ಬಲಗೈಯಿಂದ. ಜಿಡ್ಡಿಗೆ ಉಂಗುರ ಜಾರಿತು."

"ಅಪ್ಪ ತಮ್ಮ ಉಂಗುರ ತಾವೇ ಕದೀತಾರಾ?" ಎಂದ ಚೇತನ್.

"ಕದ್ದಿಲ್ಲ, ವಾಪಸ್ ಪಡೆದಿದಾರೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆ ಅನ್ನೋ ಲೋಕವೇ ಇರಲ್ಲ. ತಟ್ಟೆಯ ಎಡಭಾಗ ಇಲ್ಲ. ತಮ್ಮ ಎಡಗೈಯೂ ತಮ್ಮದಲ್ಲ, ಯಾರೋ ಪಕ್ಕದಲ್ಲಿ ಮಲಗಿದ ಹಾಗೆ. ಅರ್ಚಿತಾ, ಅವರು ಹೇಳಿದ ಮಾತು ನೀನು ಸರಿಯಾಗೇ ಬರೆದೆ. ಪಕ್ಕದವನು ಯಾರು ಅಂತ ಮಾತ್ರ ಕೇಳಲಿಲ್ಲ."

ಮೇದಿನಿ ರಾಯರ ಬಲಗಡೆ ಬಗ್ಗಿದಳು. "ರಾಯರೇ, ಪಕ್ಕದವನ ಕೈಯಲ್ಲಿದ್ದ ಉಂಗುರ ಏನು ಮಾಡಿದಿರಿ?"

ರಾಯರ ಮುಖ ಅರಳಿತು. ಬಲಗೈ ದಿಂಬಿನಡಿ ಹೋಗಿ ಕನ್ನಡಕದ ಡಬ್ಬಿ ತೆಗೆಯಿತು. ಒಳಗೆ ಉಂಗುರ. "ಮೆಲ್ಲಗೆ ಬಿಡಿಸಿಕೊಂಡೆ. ಕಮಲಾಕ್ಷಿಗೆ ಹೇಳಬೇಡಿ, ಕಳೆದಿತ್ತು ಅಂದ್ರೆ ನೊಂದ್ಕೋತಾಳೆ."

ಕಮಲಾಕ್ಷಮ್ಮ ಅವರ ಎಡಗಡೆಯೇ ನಿಂತಿದ್ದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಮೇದಿನಿ ಸನ್ನೆ ಮಾಡಿದ ಮೇಲೆ ಮಂಚ ಸುತ್ತಿ ಬಲಕ್ಕೆ ಬಂದರು. "ಎಲ್ಲಿ ಹೋಗಿದ್ದೆ ಇಷ್ಟೊತ್ತು?" ಎಂದರು ರಾಯರು.

ಚೇತನ್ ದಾಮೋದರಭಾಯ್‌ರ ಬಟ್ಟೆಗಳನ್ನು ಒಂದೊಂದಾಗಿ ಮಡಚಿಟ್ಟು ಕಾಲು ಮುಟ್ಟಿದ. ಅರ್ಚಿತಾ ಕೈಮುಗಿದು, "ತಪ್ಪು ನನ್ನದು ಕಾಕಾ," ಎಂದಳು.

"ಆ ಬಡಪಾಯಿಯ ಹತ್ತಿರ ಹೋಗು ಬೇಟಾ. ನನ್ನ ಕೈ ನಡುಗಿದರೂ ಅದು ನನ್ನದೇ," ಎಂದರು ಅವರು.

ಅರ್ಚಿತಾ ರಾಯರ ತಣ್ಣಗಿನ ಎಡಗೈಯನ್ನು ಎತ್ತಿ, ನಿಧಾನವಾಗಿ ಅವರ ಬಲಗೈಯೊಳಗೆ ಇಟ್ಟಳು. "ಇದು ಯಾರದು ಅಂಕಲ್?"

ರಾಯರು ಬೆರಳುಗಳನ್ನು ಬಹಳ ಹೊತ್ತು ಸವರಿ ನೋಡಿದರು.

"ಯಾರದೋ, ಪಾಪ. ತಣ್ಣಗಾಗಿಬಿಟ್ಟಿದೆ," ಎಂದರು. "ಕಮಲಾ, ಇವನಿಗೂ ಒಂದಿಷ್ಟು ಹೊದಿಸು."